ಕಾಗದಕ್ಕೆ ಬಾರದ ಶನಿವಾರಗಳು

ನನ್ನ ಅಮ್ಮನ ಕಥೆಯನ್ನು ನಾನೇ ಹೇಳಿಬಿಡುವುದು ವಾಸಿ. ಚರ್ಚಿನ ಸಭೆಯವರ ಕೈಗೆ ಬಿಟ್ಟರೆ ಅವಳನ್ನು ಸಾಧ್ವಿ ಮಾಡಿ, ಚೌಕಟ್ಟು ಹಾಕಿಸಿ, ಗೋಡೆಗೆ ನೇತುಹಾಕಿಬಿಡುತ್ತಾರೆ. ಅಮ್ಮ ಸಾಧ್ವಿಯಲ್ಲ, ವಾಚಾಳಿ. ಬಾಯಲ್ಲಿ ಎಳ್ಳುಕಾಳು ನೆನೆಯದವರು ಅಂತಾರಲ್ಲ, ಆ ಪೈಕಿ. ನನಗೆ ಹಲ್ಲು ಬಿದ್ದದ್ದು, ತಮ್ಮ ಹಾಸಿಗೆ ಒದ್ದೆ ಮಾಡಿಕೊಂಡದ್ದು, ಅಪ್ಪ ಭಾನುವಾರದ ಪ್ರಸಂಗದ ನಡುವೆ ತಾವೇ ತೂಕಡಿಸಿದ್ದು, ಎಲ್ಲವೂ ಬೆಳಗಾಗುವುದರೊಳಗೆ ಬೀದಿಗೆ ತಲುಪಿರುತ್ತಿತ್ತು.

ನನಗೆ ಆರು ವರ್ಷವಾಗಿದ್ದಾಗ ನಾವು ದೂರದ ಒಂದು ದೇಶಕ್ಕೆ ಹೋದೆವು. ಅಪ್ಪ ಅಮ್ಮ ಇಬ್ಬರನ್ನೂ ಊರಿನ ಸಭೆಗಳು ಸೇರಿ ಸುವಾರ್ತೆ ಸಾರುವ ಸೇವೆಗೆ ಕಳಿಸಿದ್ದವು. ನಮಗೆ ಸಿಕ್ಕಿದ್ದು ಒಂದು ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ನಾವು ನಾಲ್ವರೂ ಮಲಗುತ್ತಿದ್ದೆವು. ಇನ್ನೊಂದರಲ್ಲಿ ಒಲೆ, ಊಟದ ಮೇಜು, ಗೋಡೆಗೆ ಒರಗಿಸಿಟ್ಟ ಹನ್ನೊಂದು ಮಡಚುವ ಕುರ್ಚಿ. ಭಾನುವಾರ ಬೆಳಗ್ಗೆ ಮೇಜನ್ನು ಮಲಗುವ ಕೋಣೆಗೆ ತಳ್ಳಿ, ಕುರ್ಚಿ ಬಿಡಿಸಿದರೆ ಅದೇ ದೇವಾಲಯ. ಹನ್ನೊಂದು ಕುರ್ಚಿಗೆ ನಾಲ್ಕು ಜನ ಬಂದರೆ ಅವತ್ತು ಅಪ್ಪನ ಮುಖ ಅರಳುತ್ತಿತ್ತು. ಆ ನಾಲ್ವರಲ್ಲಿ ಒಬ್ಬ ಮುದುಕ ಟೀಗಾಗಿಯೇ ಬರುತ್ತಿದ್ದ. ಅವನು ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ ಅನ್ನಿ.

ಕೆಳಗಿನ ಅಂಗಡಿ ಒಬ್ಬ ವಿಧವೆಯದು. "ಹೆಸರು ಹಿಡಿದು ಕೂಗಬೇಡಿ, ದೊಡ್ಡಮ್ಮ ಅನ್ನಿ" ಎಂದು ಅಮ್ಮ ನಮಗೆ ಕಲಿಸಿದ್ದಳು. ಆ ದೇಶದಲ್ಲಿ ಯಾರೂ ಪಕ್ಕದ ಮನೆಯವರನ್ನು ಹಾಗೆ ಕರೆಯುವುದಿಲ್ಲ. ಮೊದಲು ಆಕೆ ನಕ್ಕಳು, ಆಮೇಲೆ ನಾವು ಕರೆಯದಿದ್ದರೆ ಮುನಿಸಿಕೊಳ್ಳತೊಡಗಿದಳು. ದೊಡ್ಡಮ್ಮನಿಗೆ ನಮ್ಮ ದೇವರ ಗೊಡವೆ ಬೇಕಿರಲಿಲ್ಲ. ಭಾನುವಾರವೂ ಹೊಲಿಯುತ್ತಿದ್ದಳು. ಆದರೆ ಮೇಲೆ ಪ್ರಾರ್ಥನೆ ಶುರುವಾದರೆ ಹೊಲಿಗೆ ಮಿಷನ್ ನಿಲ್ಲಿಸುತ್ತಿದ್ದಳು. ಆಮೆನ್ ಎಂದ ಕೂಡಲೇ ಕೆಳಗಿನಿಂದ ಟರ್ರ್ ಎಂದು ಸದ್ದು ಬರುತ್ತಿತ್ತು. ಅಪ್ಪನ ಪ್ರಾರ್ಥನೆ ಉದ್ದವಾದರೆ ಒಂದು ಸಲ ಪೆಡಲ್ ತುಳಿದು ಎಚ್ಚರಿಸುವುದೂ ಇತ್ತು.

ಅಮ್ಮ ಆ ಭಾಷೆ ಕಲಿತದ್ದು ಪುಸ್ತಕದಿಂದಲ್ಲ, ದೊಡ್ಡಮ್ಮನ ಸ್ಟೂಲಿನ ಮೇಲೆ ಕೂತು ಕಾಜ ಹೊಲಿಯುತ್ತ. ಮಧ್ಯಾಹ್ನ ಅಡುಗೆ ಮುಗಿಸಿ ಕೆಳಗೆ ಇಳಿದರೆ ಸಂಜೆಯವರೆಗೂ ಇಬ್ಬರ ಮಾತು. ಅಂಥದೊಂದು ಮಧ್ಯಾಹ್ನ ದೊಡ್ಡಮ್ಮ ಬಾಗಿಲು ಮುಂದೆ ಮಾಡಿ ತನ್ನ ಎದೆಯ ಗಂಟು ಬಿಚ್ಚಿದಳು. ಮಗ ಹಡಗಿನಲ್ಲಿ ಕೆಲಸ ಮಾಡುತ್ತಾನೆ ಎಂದು ಬೀದಿಗೆಲ್ಲ ಹೇಳಿಕೊಂಡಿದ್ದಳು, ಅದು ಸುಳ್ಳು. ಅವನು ಜೈಲಿನಲ್ಲಿದ್ದ. ಗೋದಾಮಿನ ಕಳವಿಗೆ ಹೋದಾಗ ಕಾವಲುಗಾರನ ತಲೆ ಒಡೆದು, ಹನ್ನೆರಡು ವರ್ಷದ ಶಿಕ್ಷೆ. ಅಕ್ಕನ ಮನೆಗೆ ಹೋಗುತ್ತೇನೆಂದು ಹದಿನೈದು ದಿನಕ್ಕೊಮ್ಮೆ ಅಂಗಡಿ ಮುಚ್ಚುತ್ತಿದ್ದವಳು ಅವನನ್ನು ನೋಡಲು ಹೋಗುತ್ತಿದ್ದಳು.

ಅಮ್ಮ ಆ ಗುಟ್ಟನ್ನು ಬೀದಿಯಲ್ಲಿ ಹೇಳಲಿಲ್ಲ. ಅಷ್ಟು ಬುದ್ಧಿ ಅವಳಿಗಿತ್ತು. ಆದರೆ ಕಾಗದದಲ್ಲಿ ಬರೆದಳು.

ಈ ಕಾಗದದ ವಿಷಯ ಸ್ವಲ್ಪ ಹೇಳಬೇಕು. ನಮ್ಮಂಥ ಮನೆಗಳಿಂದ ತಿಂಗಳಿಗೊಂದು ಪ್ರಾರ್ಥನಾ ಪತ್ರ ಊರಿಗೆ ಹೋಗಲೇಬೇಕು. ಸೇವೆ ಹೇಗೆ ನಡೆದಿದೆ, ಯಾರು ಯಾರಿಗೋಸ್ಕರ ಪ್ರಾರ್ಥಿಸಬೇಕು, ಕೊನೆಗೊಂದು ಫೋಟೋ. ಅದನ್ನು ನಲವತ್ತು ಸಭೆಗಳಲ್ಲಿ ಭಾನುವಾರ ಗಟ್ಟಿಯಾಗಿ ಓದುತ್ತಾರೆ. ಅಪ್ಪ ಬರೆದರೆ "ಎಲ್ಲರೂ ಕ್ಷೇಮ. ಕೆಲಸ ನಡೆಯುತ್ತಿದೆ" ಎಂಬಲ್ಲಿಗೆ ಮುಗಿಯುತ್ತಿತ್ತು. ಮೂರನೇ ವರ್ಷ, ನಮ್ಮನ್ನು ಕಳಿಸಿದ್ದ ಮಿಷನ್ ಕಮಿಟಿಯವರು "ನಿಮ್ಮ ಪತ್ರಗಳು ತೀರಾ ಸಪ್ಪೆ, ಜನರ ಮನ ಮುಟ್ಟುತ್ತಿಲ್ಲ" ಎಂದು ಬರೆದಾಗ ಪೆನ್ನು ಅಮ್ಮನ ಕೈಗೆ ಬಂತು. ಕೇಳಬೇಕೇ? "ನಮ್ಮ ನೆರೆಯ ದರ್ಜಿ ತಾಯಿಗಾಗಿ ಕಣ್ಣೀರಿನಿಂದ ಪ್ರಾರ್ಥಿಸಿರಿ, ಆಕೆಯ ಒಬ್ಬನೇ ಮಗ ಸೆರೆಮನೆಯಲ್ಲಿದ್ದಾನೆ" ಎಂದು ಒಂದು ಪುಟ ಬರೆದು, ಅಂಗಡಿಯ ಮುಂದೆ ದೊಡ್ಡಮ್ಮ ನಗುತ್ತಾ ನಿಂತ ಫೋಟೋ ಇಟ್ಟು ಕಳಿಸಿದಳು. ಅಂಗಡಿಯ ಬೋರ್ಡು, ಅದರ ಮೇಲಿನ ವಿಳಾಸ ಎರಡೂ ಫೋಟೋದಲ್ಲಿ ಸ್ಪಷ್ಟವಾಗಿ ಬಂದಿದ್ದವು. ಅವಳ ಮನಸ್ಸಿನಲ್ಲಿ ಕೆಟ್ಟದ್ದು ಒಂದು ಚೂರೂ ಇರಲಿಲ್ಲ. ನಮ್ಮವರಿಗೆ ಇದು ಹರಟೆ ಅಂತ ಅನ್ನಿಸುವುದೇ ಇಲ್ಲ. ಪ್ರಾರ್ಥನೆ ಅಂದುಬಿಟ್ಟರೆ ಯಾರ ಮನೆಯ ಮಾತನ್ನಾದರೂ ಆಡಬಹುದು ಎಂದುಕೊಂಡೇ ಬೆಳೆದಿರುತ್ತೇವೆ.

ಎರಡು ತಿಂಗಳ ಮೇಲೆ ಒಂದು ಪಾರ್ಸೆಲ್ ಬಂತು, ನಮಗಲ್ಲ, ನೇರ ದೊಡ್ಡಮ್ಮನ ಅಂಗಡಿಗೆ. ಅವಳಿಗೆ ಜನ್ಮದಲ್ಲಿ ಯಾರೂ ಪಾರ್ಸೆಲ್ ಕಳಿಸಿರಲಿಲ್ಲ. ಅಳತೆ ಕೊಡಲು ಬಂದಿದ್ದ ಮೂರು ಜನ ಹೆಂಗಸರ ಮುಂದೆಯೇ ಸಂಭ್ರಮದಿಂದ ಕತ್ತರಿ ಹಾಕಿ ಬಿಚ್ಚಿದಳು. ನಮ್ಮೂರಿನ ಸಂಡೇ ಸ್ಕೂಲ್ ಮಕ್ಕಳು ಬರೆದ ಚಿತ್ರಗಳು. ಭಾಷೆ ಬಾರದಿದ್ದರೇನು, ಚಿತ್ರ ಓದಲು ಭಾಷೆ ಬೇಕೇ? ಪ್ರತಿಯೊಂದರಲ್ಲೂ ಕಬ್ಬಿಣದ ಸರಳು, ಒಳಗೆ ಅಳುವ ಗಂಡಸು, ಹೊರಗೆ ಹೊಲಿಗೆ ಮಿಷನ್ ಮುಂದೆ ಅಳುವ ಹೆಂಗಸು. ಕೆಲವರು ದೊಡ್ಡ ಬೀಗದಕೈ ಹಿಡಿದ ದೇವದೂತನನ್ನೂ ಬರೆದಿದ್ದರು. ಆ ಹೆಂಗಸರಲ್ಲಿ ಒಬ್ಬಳು, "ಅಲ್ಲಾ, ನಿಮ್ಮ ಮಗ ಹಡಗಲ್ಲಿದಾನೆ ಅಂದ್ರಲ್ವಾ?" ಎಂದು ಕೇಳಿದಳಂತೆ.

ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದು ಆ ಕಟ್ಟನ್ನು ನಮ್ಮ ಊಟದ ಮೇಜಿನ ಮೇಲಿಟ್ಟಳು. ನಾನು ಅಲ್ಲೇ ಕೂತು ಮನೆಪಾಠ ಬರೆಯುತ್ತಿದ್ದೆ.

"ಎಷ್ಟು ಜನಕ್ಕೆ ಹೇಳಿದೀಯಾ?"

ಅಮ್ಮನಿಗೆ ಒಂದು ಸುಳ್ಳು ಹೇಳಲಾದರೂ ಬರಬಾರದೇ! "ನಲವತ್ತು ಸಭೆಗೆ" ಎಂದಳು. "ಪ್ರಾರ್ಥನೆಗೋಸ್ಕರ..."

"ಪ್ರಾರ್ಥನೆ ದೇವರ ಹತ್ರ ಮಾಡೋದಲ್ವಾ? ನಲವತ್ತು ಊರಿನವರ ಹತ್ರ ಯಾಕೆ ಮಾಡಿದೆ?"

ಅಮ್ಮ ಆ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

"ನಿನ್ನನ್ನ ತಂಗಿ ಅಂದ್ಕೊಂಡಿದ್ದೆ" ಎಂದು ಹೇಳಿ ದೊಡ್ಡಮ್ಮ ಇಳಿದು ಹೋದಳು.

ಮುಂದಿನ ಭಾನುವಾರ ಅಪ್ಪ ಪ್ರಾರ್ಥನೆ ಶುರು ಮಾಡಿದರು. ಮಿಷನ್ ನಿಲ್ಲಲಿಲ್ಲ. ಅದರ ಸದ್ದಿನ ಮೇಲೆಯೇ ಅಪ್ಪ ಗಂಟಲು ಏರಿಸಿ ಮುಗಿಸಿದರು. ಅಮ್ಮ ಕಣ್ಣು ಮುಚ್ಚದೆ ನೆಲ ನೋಡುತ್ತಾ ಕೂತಿದ್ದಳು. ಎಂಟು ವಾರ ಹೀಗೇ ಹೋಯಿತು. ಅಮ್ಮ ಕ್ಷಮೆ ಕೇಳಲು ಹೋದಳು, ಬಾಗಿಲು ತೆರೆಯಲಿಲ್ಲ. ಬ್ರೆಡ್ಡು ಮಾಡಿ ಕಳಿಸಿದಳು, ತಮ್ಮನ ಕೈಯಲ್ಲೇ ವಾಪಸ್ಸು ಬಂತು. ಇಡೀ ದೇಶದಲ್ಲಿ ಅವಳಿಗಿದ್ದದ್ದು ಒಬ್ಬಳೇ ಗೆಳತಿ. ಅಡುಗೆ ಮುಗಿಸಿ, ಕೈ ಒರೆಸಿಕೊಂಡು, ಮೆಟ್ಟಿಲವರೆಗೆ ಹೋಗಿ, ನೆನಪಾಗಿ ಹಿಂದಕ್ಕೆ ಬರುವಳು.

ಒಂಬತ್ತನೇ ವಾರ ಅಮ್ಮ ಮತ್ತೆ ಅಂಗಡಿಯ ಮುಂದೆ ಹೋಗಿ ನಿಂತಳು. ದೊಡ್ಡಮ್ಮ ತಲೆ ಎತ್ತದೆ ಹೇಳಿದಳು: "ತಪ್ಪಾಯ್ತು ತಪ್ಪಾಯ್ತು ಅಂತ ನನ್ನ ತಲೆ ತಿನ್ನಬೇಡ. ಶನಿವಾರ ಏಳೂವರೆ ಬಸ್ಸಿಗೆ ಬಾ."

"ಎಲ್ಲಿಗೆ?"

"ಊರಿಗೆಲ್ಲಾ ಡಂಗುರ ಹೊಡೆದೆಯಲ್ಲ, ಅಲ್ಲಿಗೆ. ನಂಗೆ ಮಂಡಿನೋವು, ಸಾಲಲ್ಲಿ ನಿಂತ್ಕೊಳಕ್ಕೆ ಆಗಲ್ಲ. ಬೈಬಲ್ ತರಬೇಡ. ಪೆನ್ನು ತರಬೇಡ. ನಿನ್ನ ಬಾಯಿನೂ ಮನೇಲೇ ಬಿಟ್ಟು ಬಾ."

ಅಮ್ಮ ಹೋದಳು. ಹೋಗಲು ಎರಡು ಗಂಟೆ, ಗೇಟಿನ ಮುಂದೆ ಸಾಲಿನಲ್ಲಿ ಎರಡು ಗಂಟೆ, ಮಾತಾಡಲು ಕೊಡುವುದು ಇಪ್ಪತ್ತು ನಿಮಿಷ. ಸಂಜೆ ಬಂದವಳನ್ನು ಅಪ್ಪ, "ಹೇಗಿತ್ತೇ?" ಎಂದು ಕೇಳಿದರು.

"ಬಸ್ಸಲ್ಲಿ ಸೀಟು ಸಿಕ್ತು" ಎಂದಳು ಅಮ್ಮ.

ಅಪ್ಪ ಇನ್ನೂ ಏನೋ ಬರುತ್ತದೆಂದು ಕಾದರು. ಏನೂ ಬರಲಿಲ್ಲ. ಹಲ್ಲು ತಿಕ್ಕಿದ್ದನ್ನೂ ಕಥೆ ಮಾಡಿ ಹೇಳುವವಳು ಅಷ್ಟಕ್ಕೇ ನಿಲ್ಲಿಸಿ ಪಾತ್ರೆ ತೊಳೆಯಲು ಹೋದಳು. ಅಪ್ಪ ಹಣೆ ಮುಟ್ಟಿ ನೋಡೋಣ ಎಂಬಂತೆ ಅವಳ ಹಿಂದೆಯೇ ಹೋದದ್ದು ನನಗೆ ನೆನಪಿದೆ.

ಆರು ವರ್ಷ. ಹದಿನೈದು ದಿನಕ್ಕೊಂದು ಶನಿವಾರ ತಪ್ಪದೆ ಹೋದಳು. ಗೇಟಿನ ಸಾಲಿನಲ್ಲಿ ಅಮ್ಮ ನಿಂತರೆ ದೊಡ್ಡಮ್ಮ ಕಲ್ಲಿನ ಮೇಲೆ ಕೂರುತ್ತಿದ್ದಳಂತೆ. ಬರಬರುತ್ತ ಸಾಲಿನಲ್ಲಿದ್ದ ಬೇರೆ ಹೆಂಗಸರೂ ಮಗುವನ್ನೋ ಚೀಲವನ್ನೋ ಅಮ್ಮನ ಕೈಗೆ ಕೊಟ್ಟು ಕೂತು ದಣಿವಾರಿಸಿಕೊಳ್ಳತೊಡಗಿದರು. ಇದು ಕೂಡ ನನಗೆ ಗೊತ್ತಾದದ್ದು ದೊಡ್ಡಮ್ಮನಿಂದ, ಅಮ್ಮನಿಂದಲ್ಲ. ಕೆಳಗಿನ ಹೊಲಿಗೆ ಮಿಷನ್ ಮತ್ತೆ ಪ್ರಾರ್ಥನೆಗೆ ನಿಲ್ಲತೊಡಗಿತು. ಕಾಗದದಲ್ಲಿ ಮಾತ್ರ ಅಮ್ಮ ಮಳೆ, ಬಿಸಿಲು, ನಮ್ಮ ಪರೀಕ್ಷೆಯ ಫಲಿತಾಂಶ ಬರೆದಳು. ಅಪ್ಪನ ಕಾಗದಕ್ಕಿಂತ ಸಪ್ಪೆ!

ನನಗೆ ಹದಿನೈದಾದ ವರ್ಷ ಕಮಿಟಿಯಿಂದ ಒಂದು ಕಾಗದ ಬಂತು. ಒಂಬತ್ತು ವರ್ಷಕ್ಕೆ ನಾಲ್ಕು ಜನರ ಸಭೆ; ಸೇವೆ ಮುಂದುವರಿಸಬೇಕೋ, ಕುಟುಂಬವನ್ನು ವಾಪಸ್ಸು ಕರೆಸಬೇಕೋ ಎಂದು ನೋಡಿ ತೀರ್ಮಾನಿಸಲು ಇಬ್ಬರು ಹಿರಿಯರು ಬರುತ್ತಾರೆ. ಅಪ್ಪ ಅಮ್ಮ ಊರು ಎನ್ನುತ್ತಿದ್ದದ್ದು ನನಗೆ ಫೋಟೋದಲ್ಲಷ್ಟೇ ನೆನಪಿದ್ದ ಜಾಗ. ನನ್ನ ಸ್ಕೂಲು, ಗೆಳತಿಯರು, ಬೀದಿ ಎಲ್ಲ ಇಲ್ಲೇ. ಅದಕ್ಕಿಂತ ಹೆಚ್ಚಾಗಿ, ದೊಡ್ಡಮ್ಮನ ಮಗ ಹೊರಬರಲು ಇನ್ನೂ ಎರಡು ವರ್ಷ ಇತ್ತು. ಅಷ್ಟರಲ್ಲಿ ಅವಳ ಮಂಡಿ ಪೂರಾ ಕೂತಿತ್ತು. ಅಮ್ಮ ಹೊರಟುಹೋದರೆ ಆ ಸಾಲಿನಲ್ಲಿ ನಿಲ್ಲುವವರು ಯಾರು?

"ಜೈಲಿನ ವಿಷಯ ಬರಿ" ಎಂದು ನಾನು ಅಮ್ಮನ ಮೇಲೆ ಹರಿಹಾಯ್ದೆ. "ಅವರಿಗೆ ಬೇಕಾಗಿರೋದು ಅದೇ. ಜೈಲು ಸೇವೆ ಅಂತ ಒಂದು ಸಾಲು ಬರಿ, ಸಾಕು. ಹೆಸರು ಬೇಡ, ಏನೂ ಬೇಡ."

"ಬರೆಯಲ್ಲ."

"ಬರೀದಿದ್ರೆ ನಮ್ಮನ್ನ ಗಂಟುಮೂಟೆ ಕಟ್ಟಿಸ್ತಾರೆ!"

"ಕಟ್ಟಿಸಲಿ."

"ನಿಂಗೆ ದೊಡ್ಡಮ್ಮ ಬೇಡ್ವಾ?"

ಅಮ್ಮ ಸೌಟು ಕೆಳಗಿಟ್ಟಳು. "ಬರೆದ್ರೆ ಇಲ್ಲೇ ಇರ್ತೀನಿ, ಸರಿ. ಆಮೇಲೆ ಬಸ್ಸಲ್ಲಿ ಅವಳ ಪಕ್ಕ ಹೇಗೇ ಕೂತ್ಕೊಳ್ಳಲಿ?"

ಅವಳ ಕಣ್ಣು ತುಂಬಿತ್ತು. ನನಗೆ ಕರುಣೆ ಬರಲಿಲ್ಲ, ರೇಗಿತು. ದಡದಡ ಮೆಟ್ಟಿಲಿಳಿದು ದೊಡ್ಡಮ್ಮನ ಮುಂದೆ ಎಲ್ಲವನ್ನೂ ಸುರಿದುಬಿಟ್ಟೆ: ಹಿರಿಯರು ಬರುವುದು, ನಮ್ಮನ್ನು ಕಳಿಸುವುದು, ಅಮ್ಮ ಬರೆಯಲೊಲ್ಲೆ ಎಂದದ್ದು. ಅಮ್ಮ ನನಗೆ ಹೇಳು ಎಂದಿರಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು, ಇನ್ನೇನು! ದೊಡ್ಡಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಯಾವತ್ತು ಬರ್ತಾರೆ?" ಎಂದಷ್ಟೇ ಕೇಳಿದಳು.

ಹಿರಿಯರು ಬಂದರು. ಒಬ್ಬರು ದಪ್ಪ, ಒಬ್ಬರು ತೆಳ್ಳಗೆ. ಕೆಟ್ಟವರೇನಲ್ಲ, ಪಾಪ. ತೆಳ್ಳಗಿನವರು ಬಿಚ್ಚಿದ ಕುರ್ಚಿಗಳನ್ನು ನೋಡಿದರು, ಬಂದ ನಾಲ್ವರನ್ನು ನೋಡಿದರು, ಡೈರಿಯಲ್ಲಿ ಬರೆದುಕೊಂಡರು. ಟೀ ಮುದುಕ ಅಪ್ಪನನ್ನು ಉಳಿಸೋಣ ಎಂದುಕೊಂಡು ಆಮೆನ್ ಇಲ್ಲದ ಕಡೆಯಲ್ಲೂ ಆಮೆನ್ ಕೂಗಿದ. ಆರಾಧನೆ ಮುಗಿದ ಮೇಲೆ ದಪ್ಪನೆಯ ಹಿರಿಯರು ಬಹಳ ಮೆತ್ತಗೆ, "ನಿಮ್ಮ ಕಷ್ಟ ಅರ್ಥ ಆಗುತ್ತಪ್ಪಾ. ಆದ್ರೆ ಊರಿನವರು ಫಲ ಏನು ಅಂತ ಕೇಳ್ತಾರೆ. ಹೇಳೋದಕ್ಕೆ ಏನಾದ್ರೂ ಇದೆಯಾ?" ಎಂದರು.

ಅಪ್ಪ ಅಮ್ಮನ ಮುಖ ನೋಡಿದರು. ಶನಿವಾರಗಳ ವಿಷಯ ಅಪ್ಪನಿಗೆ ಗೊತ್ತಿತ್ತು. ಅಮ್ಮ ತಲೆ ಅಲ್ಲಾಡಿಸಿದಳು.

"ಇಲ್ಲ ಅಣ್ಣಾ" ಎಂದರು ಅಪ್ಪ.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಒಂದು ಹೆಜ್ಜೆ, ಒಂದು ನಿಟ್ಟುಸಿರು. ಮಂಡಿ ಕೆಟ್ಟ ಮೇಲೆ ದೊಡ್ಡಮ್ಮ ನಮ್ಮ ಮನೆಗೆ ಹತ್ತಿ ಬಂದವಳೇ ಅಲ್ಲ. ಒಳಗೆ ಬಂದು, ಹನ್ನೊಂದು ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ಕೂತಳು. ಉಸಿರು ಹತೋಟಿಗೆ ಬರುವವರೆಗೆ ಎಲ್ಲರೂ ಕಾದೆವು.

"ಇವರಿಗೆ ಹೇಳಿ" ಎಂದಳು ಅಪ್ಪನಿಗೆ. "ನನ್ನ ಮಗ ಜೈಲಲ್ಲಿದಾನೆ. ಇವಳು ಆರು ವರ್ಷದಿಂದ ನನ್ನ ಬದಲು ಸಾಲಲ್ಲಿ ನಿಂತಿದಾಳೆ. ಒಂದು ದಿನ ದೇವರ ಮಾತು ಎತ್ತಿಲ್ಲ. ಒಂದು ಶನಿವಾರ ತಪ್ಪಿಸಿಲ್ಲ. ಹೇಳಿ."

ಬೇರೆಯವರ ಮುಂದೆ ಆ ಮಾತನ್ನು ಅವಳು ತನ್ನ ಬಾಯಿಂದ ಹೇಳಿದ್ದು ಅದೇ ಮೊದಲು. ಅಮ್ಮ ಎದ್ದು ಹೋಗಿ ಅವಳ ಕುರ್ಚಿಯ ಹಿಂದೆ ನಿಂತಳು. ಅಪ್ಪ ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರು. ದಪ್ಪನೆಯ ಹಿರಿಯರ ಕಣ್ಣು ಒದ್ದೆಯಾಯಿತು. ತೆಳ್ಳಗಿನವರು ಡೈರಿ ತೆರೆದು, "ಅಯ್ಯೋ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆರು ವರ್ಷ! ಒಂದು ಮಾತು ನಮಗೆ ಬರೀಬಹುದಿತ್ತಲ್ಲಮ್ಮಾ?" ಎಂದು ಅಮ್ಮನನ್ನು ಕೇಳಿದರು.

"ಏನಂತೆ?" ಎಂದಳು ದೊಡ್ಡಮ್ಮ. ಅಪ್ಪ ಹೇಳಿದರು. ಅವಳು ಕೈ ಚಾಚಿ ಆ ಡೈರಿಯನ್ನು ಮೆಲ್ಲಗೆ ಮುಚ್ಚಿದಳು. ಆಮೇಲೆ ಒಂದು ಮಾತು ಹೇಳಿದಳು.

ಅಪ್ಪ ಅದನ್ನು ಹೇಳಲು ಬಾಯಿ ತೆರೆದರು, ಅಮ್ಮನ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದರು. ಇನ್ನೊಂದು ಸಲ ಶುರು ಮಾಡಿದರು, ಆಗಲಿಲ್ಲ. ಹಿರಿಯರಿಬ್ಬರೂ ನನ್ನ ಕಡೆ ತಿರುಗಿದರು. ಕೊನೆಗೆ ನಾನೇ ಹೇಳಬೇಕಾಯಿತು.

"ಅವಳು ಬರೆದಿದ್ರೆ, ನಾನು ಇವತ್ತು ಈ ಮೆಟ್ಟಿಲು ಹತ್ತಿ ಬರ್ತಿರ್ಲಿಲ್ಲ ಅಂತಿದಾರೆ ದೊಡ್ಡಮ್ಮ."