ಒಲೆಯ ಬದಿಯಲ್ಲಿ ಬೆಚ್ಚಗಾದ ಕ್ಯಾಮೆರಾ

ಮಡಂತ್ಯಾರಿನ ಫೋಟೋಗ್ರಾಫರ್ ಮಾಯಿಲಪ್ಪನನ್ನು ಮೊದಲ ಸಲ ನೋಡಿದ ಯಾವ ವ್ಯಾಪಾರಿಯೂ ಒಳ್ಳೆಯ ದರ ಹೇಳಲಿಕ್ಕಿಲ್ಲ. ವಯಸ್ಸು ಐವತ್ತಾರು, ಮೈತೂಕ ಐವತ್ತು ಕಿಲೋ, ಅಂಗಿಯ ಮೇಲಿನ ಗುಂಡಿ ನಾಪತ್ತೆ. ಬೆಲೆಬಾಳುವುದೆಲ್ಲ ಹೆಗಲಿನ ಚೀಲದಲ್ಲಿ: ಒಂದು ಕ್ಯಾಮೆರಾ, ಎರಡು ಲೆನ್ಸು. ಆ ಚೀಲಕ್ಕೆ ಸಿಗುವ ಆರೈಕೆ ಕೆಲವು ಅಳಿಯಂದಿರಿಗೂ ಸಿಗುವುದಿಲ್ಲ. ಲೆನ್ಸಿಗೆ ಬೂಸ್ಟು ಹಿಡಿಯಬಾರದೆಂದು ಮಳೆಗಾಲವಿಡೀ ಅದು ಬಲ್ಬು ಉರಿಯುವ ಕಪಾಟಿನಲ್ಲಿ ಮಲಗುತ್ತದೆ. ಮಾಯಿಲಪ್ಪ ಮಲಗುವ ಕೋಣೆಯ ಗೋಡೆಗೆ ಬೂಸ್ಟು ಹಿಡಿದು ಎಷ್ಟೋ ವರ್ಷವಾಯಿತು.

ಕಳೆದ ಮೇ ತಿಂಗಳಲ್ಲಿ ನಮ್ಮೂರಿನ ದಯಾನಂದನ ಮಗಳು ಮೋಕ್ಷಿತಾಳ ಮದುವೆ, ಮೂಡಬಿದಿರೆಯ ಒಂದು ಹಾಲ್‌ನಲ್ಲಿ. ಮಂಟಪ ಇದ್ದದ್ದು ಬೆವರಿಳಿಸುವ ತೆರೆದ ಚಪ್ಪರದಲ್ಲಿ, ಎ.ಸಿ. ಏನಿದ್ದರೂ ಮದುಮಗಳ ಕೋಣೆಗೆ. ಮಾಯಿಲಪ್ಪ ಚೀಲವನ್ನು ಚಪ್ಪರದ ಕಂಬಕ್ಕೆ ತೂಗುಹಾಕಿ ತಿಂಡಿಗೆ ಹೋದ. ಬಂದು ನೋಡಿದರೆ ಕಂಬ ಮಾತ್ರ ಉಂಟು.

"ಹೆದರಬೇಡಿ ಮಾಯಿಲಪ್ಪಣ್ಣ," ದಯಾನಂದನ ಹೆಂಡತಿ ನೀಲಾವತಿ ನಕ್ಕರು. "ಅಷ್ಟು ಬೆಲೆಯದ್ದು ಸೆಕೆಯಲ್ಲಿ ಬೇಯ್ತಾ ಇತ್ತು ಮಾರಾಯ್ರೆ. ಒಳಗೆ ಎ.ಸಿ.ಯ ಎದುರೇ ಇಟ್ಟಿದ್ದೇನೆ. ಈಗ ತಣ್ಣಗೆ ಉಂಟು, ಮುಟ್ಟಿ ನೋಡಿ."

ಮುಟ್ಟುವ ಮೊದಲೇ ಮಾಯಿಲಪ್ಪನಿಗೆ ಗೊತ್ತಾಯಿತು, ಕೆಲಸ ಕೆಟ್ಟಿತು ಎಂದು. ತಂಪಾದ ಲೆನ್ಸು ಹೊರಗಿನ ಸೆಕೆಗೆ ಬಂದರೆ ಫ್ರಿಜ್ಜಿನಿಂದ ತೆಗೆದ ಸೋಡಾ ಬಾಟಲಿಯ ಹಾಗೆ ಬೆವರುತ್ತದೆ. ಒರೆಸಿದರೆ ಮತ್ತೆ ಮಂಜು. ತಾನಾಗಿ ಸರಿಹೋಗಲು ಅರ್ಧ ಗಂಟೆ ಬೇಕು. ಧಾರೆಗೆ ಉಳಿದದ್ದು ಇಪ್ಪತ್ತು ನಿಮಿಷ. ಧಾರೆಯ ನೀರನ್ನು ಫೋಟೋದವನಿಗಾಗಿ ಎರಡನೇ ಸಲ ಯಾರೂ ಎರೆಯುವುದಿಲ್ಲ. ಒಂದು ಧಾರೆ ತಪ್ಪಿದ ಫೋಟೋಗ್ರಾಫರನ್ನು ಮುಂದಿನ ವರ್ಷ ಯಾರೂ ಕರೆಯುವುದೂ ಇಲ್ಲ.

"ಒಳ್ಳೆದಾಯ್ತು ಅಕ್ಕ," ಎಂದ. ಮಗಳ ಮದುವೆಯ ದಿನ ತಾಯಿಗೆ ಬೇರೆ ಎಂತ ಹೇಳುವುದು?

ಕೋಣೆಯೊಳಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಹೊರಗಿನ ಸೆಕೆಗಾಳಿ ತಾಗಿ ಗಾಜು ಬೆವರದಂತೆ ಬಾಯಿ ಬಿಗಿದು, ನೇರ ಅಡುಗೆ ಶೆಡ್ಡಿಗೆ ಓಡಿದ. ಒಲೆಯಿಂದ ಮೂರು ಮಾರು ದೂರ ಕುಕ್ಕರಗಾಲಲ್ಲಿ ಕೂತು, ಹಪ್ಪಳ ಸುಡುವವನ ಹಾಗೆ ಕವರನ್ನು ಆಚೆ ಈಚೆ ತಿರುಗಿಸತೊಡಗಿದ.

"ಎಂತ ಮಾರಾಯ, ಅದನ್ನೂ ಬಡಿಸ್ಲಿಕ್ಕೆ ಉಂಟಾ?" ಅಡುಗೆಯ ಭಟ್ಟರು ಕೇಳಿದರು.

"ಎ.ಸಿ.ಯಲ್ಲಿ ಶೀತ ಆಗಿದೆ ಭಟ್ರೆ. ಸ್ವಲ್ಪ ಆಚೆ ಸರೀರಿ, ಶಾಖ ಬರಲಿ."

ಹೊರಗೆ ದಯಾನಂದ ಬೊಬ್ಬೆ ಹಾಕುತ್ತಿದ್ದ. "ಫೋಟೋದವ ಎಲ್ಲಿ ಸತ್ತ?"

"ಅಡುಗೆಯವರ ಹತ್ತಿರ ಕೂತಿದ್ದಾನೆ," ಎಂದರು ಯಾರೋ.

"ಕೂತಿದ್ದಾನಾ!"

ವಾದ್ಯ ಜೋರಾಗುವ ಹೊತ್ತಿಗೆ ಮಾಯಿಲಪ್ಪ ಮಂಟಪದ ಎದುರು ಇದ್ದ. ಕವರು ಬಿಚ್ಚಿದ; ಗಾಜು ಕೈಗೆ ಬೆಚ್ಚಗಿತ್ತು, ಮಂಜಿನ ಸುಳಿವಿಲ್ಲ. ಧಾರೆಯ ನೀರಿನ ಎಳೆ ಎಳೆಯೂ ಫೋಟೋದಲ್ಲಿ ಬಂತು.

ಆದರೂ ನಾನು ಕೂತಿದ್ದ ಊಟದ ಪಂಕ್ತಿಯಲ್ಲೇ ದಯಾನಂದ ಎಲ್ಲರೆದುರು ಬೈದ. "ಮುಹೂರ್ತ ಬಿಟ್ಟು ಒಲೆ ಬುಡದಲ್ಲಿ ನಿನಗೆಂತ ಕೆಲಸ?" ಪಕ್ಕದಲ್ಲೇ ನೀಲಾವತಿ ಪಾಯಸ ಬಡಿಸುತ್ತಿದ್ದರು.

"ಹಸಿವಾಗಿತ್ತು ದಯಾನಂದಣ್ಣ," ಎಂದು ಮಾಯಿಲಪ್ಪ ತಲೆ ತಗ್ಗಿಸಿದ.

ನಡೆದದ್ದನ್ನು ಭಟ್ಟರು ನನಗೆ ಹೇಳಿದ್ದು ಮಳೆ ಹಿಡಿದ ಮೇಲೆ. ಅಷ್ಟರೊಳಗೆ, ಇವನಿಗೆ ಧಾರೆಗಿಂತ ಸಾಂಬಾರು ಮುಖ್ಯ ಎಂದು ನಾನು ಊರಿನ ಚಾ ಅಂಗಡಿಯಲ್ಲಿ ಕೂತು ಜನರನ್ನು ನಗಿಸಿದ್ದನ್ನು ಕೇಳಿ, ಎರಡು ಮನೆಯವರು ಬೇರೆ ಫೋಟೋಗ್ರಾಫರನ್ನು ಗೊತ್ತುಮಾಡಿದ್ದರು. ಆ ಎರಡು ಮನೆಗೆ ನಾನೇ ಹೋಗಿ ನಿಜ ಹೇಳಬೇಕು. ಮಾಯಿಲಪ್ಪನಿಗೆ ನಾನು ತೀರಿಸಬೇಕಾದ ಸಾಲ ಅದು.