ಅವ್ವನಿಗೆ ತಂದ ಕಮೋಡು

ಸೀರೆ ಅಂಗಡಿಯಲ್ಲಿ ನೀವು ಗಂಟೆಗಟ್ಟಲೆ ಕೂತಿರುತ್ತೀರಿ, ಒಡವೆ ಅಂಗಡಿಯಲ್ಲೂ ಕೂತಿರುತ್ತೀರಿ. ಕಮೋಡಿನ ಅಂಗಡಿಯಲ್ಲಿ ಮಾತ್ರ ಯಾರೂ ಕೂರುವುದಿಲ್ಲ, ಕೂರುವುದಕ್ಕೆಂದೇ ಮಾಡಿದ ಸಾಮಾನು ಸಾಲಾಗಿ ಇಟ್ಟಿದ್ದರೂ. ಮೊನ್ನೆ ನರಸೀಪುರದ ಅಂಥದೊಂದು ಅಂಗಡಿಗೆ ಕಾಲಿಟ್ಟೆ. ಹೊಸ ರಬ್ಬರು, ರಟ್ಟಿನ ಡಬ್ಬಗಳ ವಾಸನೆ ಮೂಗಿಗೆ ಬಡಿಯಿತು. ಆರು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ನಾನು ಮೆರೆದ ಜಾಣತನವೆಲ್ಲ ನೆನಪಾಯಿತು.

ಆಗ ಅವ್ವನ ಮಂಡಿ ಹೋಗಿತ್ತು. ನಂಜನಗೂಡಿನ ನಮ್ಮ ಮನೆಯಲ್ಲಿ ಇದ್ದದ್ದು ಕುಕ್ಕರಗಾಲಲ್ಲಿ ಕೂರುವ ಒಂದೇ ಕಕ್ಕಸು. ಏಳುವಾಗ ಅವ್ವ ನಲ್ಲಿ ಹಿಡಿದು ಒದ್ದಾಡುತ್ತಿದ್ದಳು. ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು: ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಗ್ಗೆ ಅರ್ಧ ಲೋಟ ಕಾಫಿ, ಊಟಕ್ಕೆ ಎರಡು ಗುಟುಕು ನೀರು, ಅಷ್ಟೆ. ಕೇಳಿದರೆ ದಾವವೇ ಆಗಲ್ಲ ಅನ್ನುವಳು.

ವೆಸ್ಟರ್ನ್ ಕಮೋಡು ಹಾಕಿಸೋಣ ಎಂದು ಮನೆಯಲ್ಲಿ ಸಭೆ ಸೇರಿತು. ನನ್ನ ಭಾವಮೈದ ದಿಕ್ಕು ನೋಡಿದ; ಪೂರ್ವಕ್ಕೆ ಮುಖ ಮಾಡಿ ಕೂರಬಾರದಂತೆ. ನನ್ನ ಹೆಂಡತಿ ಬಣ್ಣ ನೋಡಿದಳು. ನಾನು ಮಾನ ನೋಡಿದೆ. ಹೈಸ್ಕೂಲು ಮೇಷ್ಟ್ರು ನಾನು. ನಂಜನಗೂಡಿನ ಪೇಟೆಯಲ್ಲಿ ನಿಂತು ಕಮೋಡು ಆರಿಸುವುದನ್ನು ಶಿಷ್ಯಕೋಟಿ ಕಂಡರೆ ಗತಿಯೇನು? ಅದಕ್ಕೇ ನರಸೀಪುರದ ಬಸ್ಸು ಹತ್ತಿದೆವು. ಹೊರಡುವಾಗ ಅವ್ವ ಸೆರಗು ಸರಿಮಾಡಿಕೊಂಡು ನಿಂತಳು.

"ನಾನೂ ಬತ್ತೀನಿ ಕಣಪ್ಪ."

"ಅಲ್ಲಿ ನಿಂದೇನವ್ವ ಕೆಲ್ಸ?" ಅಂದೆ. ಅವ್ವನ ಬದಲು ಬ್ಯಾಗಿನಲ್ಲಿ ಗೋಡೆಯ ಟೈಲ್ಸಿನ ಒಂದು ಚೂರು ಬಂತು, ಬಣ್ಣ ಹೊಂದಿಸಲು.

ಅಂಗಡಿಯಲ್ಲಿ ಒಂದು ಗಂಟೆ ತಪಾಸಣೆ ನಡೆಸಿದೆವು. ಮುಚ್ಚಳ ಸದ್ದಿಲ್ಲದೆ ತಾನೇ ಇಳಿಯುವುದನ್ನು ಹತ್ತು ಸಲ ನೋಡಿದೆವು. ಗೋಡೆಗೆ ನೇತುಹಾಕುವ ಮಾದರಿಯೇ ಇರಲಿ, ಕೆಳಗೆ ನೆಲ ಒರೆಸಲು ಸಲೀಸು ಎಂದು ಹೆಂಡತಿ ತೀರ್ಪು ಕೊಟ್ಟಳು. ಕೂತು ನೋಡಿ ಸಾ ಎಂದು ಅಂಗಡಿಯವನು ಎರಡು ಸಲ ಹೇಳಿದ. ಎದುರಿಗೆ ಗಾಜಿನ ಬಾಗಿಲು, ಅದರಾಚೆ ಜನ ಓಡಾಡುವ ರಸ್ತೆ. ನನ್ನಂಥ ಮಾನವಂತ ಕೂರುವುದುಂಟೇ? ಮನೆಗೆ ಬಂದ ಪ್ಲಂಬರು ಎಷ್ಟು ಎತ್ತರಕ್ಕೆ ಕೂರಿಸಲಿ ಎಂದು ಕೇಳಿದ. ಎಲ್ಲರಿಗೂ ಹೇಗೋ ಹಾಗೆ ಅಂದೆ. ಅವನೋ ಆರಡಿ ಆಳು. ಅವನ ಅಳತೆಗೆ ಕೂರಿಸಿ ಹೋದ.

ಬಂದ ನೆಂಟರೆಲ್ಲ ಬಚ್ಚಲಿಗೆ ಹೋಗಿ ಮುಚ್ಚಳ ಎತ್ತಿ ಇಳಿಸಿ ಹೊಗಳಿದ್ದೇ ಹೊಗಳಿದ್ದು. ಅವ್ವನೂ ಚೆನ್ನಾಗದೆ ಕಣಪ್ಪ ಅಂದಳು. ನೀರು ಮಾತ್ರ ಕುಡಿಯಲಿಲ್ಲ. ಮುದುಕರ ಹಟ ಎಂದು ನಾನು ಕೈ ತೊಳೆದುಕೊಂಡೆ. ಬೇಸಿಗೆಯಲ್ಲಿ ಉರಿಮೂತ್ರ, ಜ್ವರ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ನೀರು ಯಾಕೆ ಕುಡಿಯಲ್ಲ ಎಂದು ಡಾಕ್ಟರಮ್ಮ ಗದರಿದರು. ನಾನು ಪರದೆಯ ಈಚೆ ಇದ್ದೆ.

"ಅದ್ರ ಮ್ಯಾಲೆ ಕೂತ್ರೆ ಕಾಲು ನೆಲಕ್ಕೆ ಎಟುಕಲ್ಲ ಕಣವ್ವ. ಬಿದ್ಬುಡ್ತೀನಿ ಅಂತ ಬಯ," ಅಂದಳು ಅವ್ವ. "ನನ್ ಮಗುಂಗೆ ಏಳ್ಬೇಡಿ. ಆಸೆಪಟ್ಟು ತಂದವ್ನೆ, ನೊಂದ್ಕತನೆ."

ಮಾರನೆಯ ದಿನವೇ ಟೈಲ್ಸು ಒಡೆಸಿ ನಾಲ್ಕು ಇಂಚು ಕೆಳಗಿಳಿಸಿದೆ. ಅವ್ವ ಬಳಸಿದ್ದು ಆಮೇಲೆ ಎಂಟೇ ತಿಂಗಳು. ಇಳಿಸುವ ತನಕ ಅಷ್ಟು ದಿನ ಅವಳು ನನ್ನ ಮನೆಯಲ್ಲಿ ಬಾಯಾರಿಕೊಂಡೇ ಇದ್ದಳು. ನಾನು ಬಣ್ಣ ಹೊಂದಿತೆಂದು ಬೀಗುತ್ತಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈಗ ನನ್ನ ಹೆಂಡತಿಯ ಮಂಡಿಯ ಸರದಿ. ಹಳೆಯ ಕಮೋಡು ಬಿರುಕು ಬಿಟ್ಟಿದೆ, ಹೊಸದು ಬೇಕು. ಮೊನ್ನೆ ಅಂಗಡಿಯಲ್ಲಿ ಕೂತ್ಕೊಂಡು ನೋಡು ಅಂದೆ. ಅವಳು ರಸ್ತೆಯ ಕಡೆ ನೋಡಿದಳು. ನಾನೇ ಮೊದಲು ಪಕ್ಕದ ಕಮೋಡಿನ ಮೇಲೆ ಠೀವಿಯಿಂದ ಕೂತೆ. ರಸ್ತೆಯಲ್ಲಿ ಯಾರೋ ನಕ್ಕರು, ನಗಲಿ. ಅವಳೂ ಮೆಲ್ಲಗೆ ಕೂತಳು. ಎರಡೂ ಪಾದ ಊರಿ, ಒಮ್ಮೆ ಎದ್ದು, ಮತ್ತೆ ಕೂತಳು.

ಎತ್ತರ ಸರಿಯಾಯಿತಾ ಎಂದು ಕೇಳಿದೆ.

"ಸರಿಯಾಗಿದೆ," ಅಂದಳು. "ಅವತ್ತು ಅತ್ತೇನೂ ಕರ್ಕೊಂಡು ಬರ್ಬೇಕಿತ್ತು ಕಣ್ರೀ."