ಅರ್ವಿಯ ಎರಡನೆಯ ಲೋಟ

ನನ್ನ ಗಂಡ ಅರ್ವಿ ಕೊಸ್ಕೆಲಾ ವಿಶ್ವವಿದ್ಯಾಲಯದ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಸುಪೀರಿಯರ್ ಸರೋವರದ ದಂಡೆಯ ನಮ್ಮ ಊರಿನಲ್ಲಿ ಹಿಮ ನವೆಂಬರಿನಲ್ಲಿ ಬಂದು ಕೂತರೆ ಏಪ್ರಿಲ್‌ವರೆಗೆ ಏಳುವುದಿಲ್ಲ. ಆದರೂ ವಿಶ್ವವಿದ್ಯಾಲಯ ರಜೆ ಕೊಡುವುದಿಲ್ಲ. ಯಾಕೆ ಅಂತ ಹುಡುಗರ ಬಾಯಲ್ಲಿ ಹತ್ತು ಕತೆ. ಜಾಗ ಕೊಟ್ಟ ಗಣಿ ಧಣಿ, ಒಂದು ದಿನ ಬಾಗಿಲು ಹಾಕಿದರೂ ಜಾಗ ವಾಪಸ್ಸು ಎಂದು ಬರೆದಿಟ್ಟು ಸತ್ತನಂತೆ. ಹಿಂದೊಮ್ಮೆ ರಜೆ ಕೊಟ್ಟಾಗ ಹುಡುಗರು ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆ ಬಾಗಿಲನ್ನೇ ಹಿಮದಲ್ಲಿ ಮುಚ್ಚಿದರಂತೆ. ಅರ್ವಿ ಊಟಕ್ಕೆ ಕೂತಾಗ ಇವನ್ನು ಹೇಳಿ ನಗುತ್ತಿದ್ದ. ಒಂದನ್ನು ಮಾತ್ರ ಹೇಳಿರಲಿಲ್ಲ.

ಮಾತು ಕಡಿಮೆ ಅವನದು. ಮೀನು ಸಿಕ್ಕಿದರೂ ಹೇಳದೆ ಬಕೆಟ್ಟು ತಂದು ಇಡುತ್ತಿದ್ದ. ಕೆಲಸಕ್ಕೆ ಹೊರಟಾಗ ಫ್ಲಾಸ್ಕಿನಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು, ಎರಡು ಲೋಟ ಕೊಡುತ್ತಿದ್ದೆ. ಅಷ್ಟು ಚಳಿಯಲ್ಲಿ ದುಡಿದರೂ ಅವನಿಗೆ ಸುಡುವ ಕಾಫಿ ಆಗದು. ಒಂದು ಕುಡಿಯುವಾಗ ಇನ್ನೊಂದು ಲಾರಿಯ ಮುಂದಿನ ಗಾಜಿನ ಹತ್ತಿರ ಆರುತ್ತಿರಬೇಕು.

ಅಕ್ಟೋಬರಿನಲ್ಲಿ ಅವನ ಎದೆಬಡಿತ ನಿಂತಿತು. ಮೊದಲ ಹಿಮ ಬಿದ್ದ ದಿನ ಅವನ ಫ್ಲಾಸ್ಕು ತರಲು ಲಾರಿ ಶೆಡ್ಡಿಗೆ ಹೋದೆ. ಬಾಗಿಲ ಹೊರಗೆ ಹಿಮದ ಮೇಲೆ ಕಾಗದದ ಲೋಟಗಳು, ಜೋಡಿ ಜೋಡಿ, ಕಾಫಿ ತುಂಬಿದ್ದವು. ಒಬ್ಬ ಹುಡುಗಿ ಇನ್ನೂ ಎರಡು ಇಡುತ್ತಿದ್ದಳು.

"ಯಾರಿಗಮ್ಮ ಇದು?"

"ಅರ್ವಿ ಅವ್ರಿಗೆ, ಅವ್ರ ಹೆಂಡ್ತಿಗೆ. ನಿಮ್ಗೆ ಗೊತ್ತಿಲ್ವಾ? ಹೆಂಡ್ತಿ ಹಿಂದೆ ಹಿಮ ಬಿದ್ದಾಗ ತೀರ್ಕೊಂಡ್ರು. ರಸ್ತೆ ಮುಚ್ಚಿ ಆಂಬುಲೆನ್ಸ್ ಬರ್ಲೇ ಇಲ್ಲ. ಇನ್ನು ಒಂದು ರಸ್ತೇನೂ ಮುಚ್ಚೋಕೆ ಬಿಡಲ್ಲ ಅಂತ ಅರ್ವಿ ಆಣೆ ಮಾಡಿದ್ರು. ಅದಕ್ಕೇ ನಮ್ಗೆ ರಜಾ ಇಲ್ಲ. ದಿನಾ ಹೆಂಡ್ತಿಗೂ ಒಂದು ಲೋಟ ಇಡೋರು."

ನನ್ನ ಕೈ ನೋಡಿಕೊಂಡೆ. ಕೈಗವಸು ಇತ್ತು. ಒಳಗೆ ಬೆರಳೂ ಇದ್ದವು.

ಶೆಡ್ಡಿನೊಳಗೆ ಅವನ ಜೊತೆ ಕೆಲಸ ಮಾಡಿದ ರೂಡಿ ಇದ್ದ. ಅರ್ವಿಯ ಲಾರಿ ಈಗ ಅವನದು.

"ರೂಡಿ, ಅರ್ವಿಗೆ ನನಗಿಂತ ಮುಂಚೆ ಹೆಂಡ್ತಿ ಇದ್ಲಾ?"

"ನಿನ್ನೊಬ್ಳನ್ನ ಮಾತಾಡ್ಸೋಕೇ ಎರಡು ಬೇಸಿಗೆ ತಗೊಂಡ. ಇನ್ನೊಬ್ಳು ಎಲ್ಲಿಂದ ಬರ್ತಾಳೆ, ಹೆಲ್ಮಿ?"

"ಮತ್ತೆ ನನ್ನ ಸಾಯಿಸಿದ್ದು ಯಾರು?"

ರೂಡಿ ಟೋಪಿ ತೆಗೆದ. "ಹುಡುಗ್ರು. ಲೋಟ ನೋಡಿ ಕತೆ ಕಟ್ಟಿದ್ರು. ಅರ್ವಿ ಕಿವಿಗೂ ಬಿತ್ತು. ಸುಮ್ನಿದ್ದ."

"ಬದುಕಿದಾಳೆ ಅನ್ನೋಕೆ ಬಾಯಿ ಇರ್ಲಿಲ್ವಾ?"

"ಕಾರು, ಹೆಲ್ಮಿ. ಮೊದ್ಲು ರಸ್ತೆ ತುಂಬ ಕಾರು ಬಿಟ್ಟು ಮಲ್ಗೋರು, ಹಿಮ ತಳ್ಳೋಕಾಗ್ತಿರ್ಲಿಲ್ಲ. ಬೋರ್ಡ್ ಹಾಕಿದ್ರೂ ಅಷ್ಟೇ, ದಂಡ ಹಾಕಿದ್ರೂ ಅಷ್ಟೇ. ಈ ಕತೆ ಹಬ್ಬಿದ್ಮೇಲೆ ಅವ್ರೇ ತೆಗೀತಾರೆ. ಅರ್ವಿಗೆ ದಾರಿ ಬಿಡ್ರೋ ಅಂತಾರೆ. ಹೆಲ್ಮಿಗೆ ಹೇಳ್ಬಿಡು ಅಂತ ಅವನಿಗೆ ಅಂದೆ. ಹೆಂಗೆ ಹೇಳ್ಲಿ ಅಂದ."

ಹೊರಗೆ ಬಂದಾಗ ಹುಡುಗಿ ಅಲ್ಲೇ ಇದ್ದಳು. ಫ್ಲಾಸ್ಕು ನೋಡಿದಳು.

"ಅದು ಅವ್ರದಲ್ವಾ? ನೀವು ಅರ್ವಿಗೆ ಏನಾಗ್ಬೇಕು?"

ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಹಿಂದೆ ರೂಡಿ ಲಾರಿ ಚಾಲೂ ಮಾಡಿದ. ರಸ್ತೆ ನೋಡಿದೆ. ಎರಡು ಬದಿಯಲ್ಲೂ ಒಂದೂ ಕಾರು ಇರಲಿಲ್ಲ.

"ಪಕ್ಕದ ಮನೆಯವಳು," ಎಂದೆ.

"ಹಾಗಾದ್ರೆ ಅವ್ರ ಹೆಂಡ್ತೀನ ನೋಡಿರ್ತೀರ. ಹೇಗಿದ್ರು?"

"ಕಾಫಿ ಚೆನ್ನಾಗಿ ಮಾಡ್ತಿದ್ಲು."

ಮನೆಗೆ ಬಂದು ಕಾಫಿ ಕಾಸಿ ಎರಡು ಲೋಟಕ್ಕೆ ಹಾಕಿದೆ. ಒಂದು ಅವನದು. ಆರಲಿ ಅಂತ ಕಿಟಕಿಯ ಹತ್ತಿರ ಇಟ್ಟೆ. ಆಮೇಲೆ ಅದನ್ನೇ ಕುಡಿದೆ ಅಂತ ಕಾಣುತ್ತದೆ. ನನ್ನ ಲೋಟ ತುಂಬಿದ ಹಾಗೇ ಇದೆ.